ಸಾಸಿವಿಗೆ ಯಾವ ಹುಲ್ಲು

ಬಾದಾಮಿ
ಗುರುವಾರ, ೧೧ ಡಿಸೆಂಬರ್ ೨೦೨೫

ಚಿರಂಜೀವಿ ಸೌಭಾಗ್ಯವತಿ ಪದ್ಮಶ್ರೀಗೆ, ನಿನ್ನ ಅತ್ತೆ ಗುರುಲಿಂಗವ್ವ ಎರಡೂ ಕೈ ನಿನ್ನ ತಲೆಯ ಮೇಲೆ ಇಟ್ಟಂತೆ ತಿಳಿದು, ಯಾರ ಕೈಲೂ ಬರೆಸದೆ ತಾನೇ ಬರೆದ ಪತ್ರ.

ನಾವು ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಮಗ ಶಿವಪ್ರಕಾಶ ಆರಾಮ. ಕುದುರೆ ಎರಡೂ ಆರಾಮ. ನೀನು ಮೈಸೂರಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ, ಆ ಅನ್ನ ಸಾರು ನಿನಗೆ ಹಿಡಿಸಿತೋ ಇಲ್ಲವೋ, ಅಲ್ಲಿ ಥಂಡಿ ಭಾಳ ಅಂತೆ, ಕಿವಿಗೆ ಏನಾದರೂ ಕಟ್ಟಿಕೊಳ್ಳುತ್ತೀಯೋ ಇಲ್ಲವೋ, ಇದೇ ನನಗೆ ಹಗಲೆಲ್ಲ ಚಿಂತೆ.

ದಿನಾ ಸಂಜೆ ಫೋನಿನಲ್ಲಿ ಮಾತಾಡುವ ಅತ್ತೆ ಪತ್ರ ಯಾಕೆ ಬರೆದಳು ಎಂದು ನೀನು ಅನ್ನಬಹುದು. ನೀನು ಫೋನ್ ಮಾಡಿದಾಗ ಶಿವಪ್ರಕಾಶ ಬಗಲಿಗೆ ನಿಂತಿರುತ್ತಾನೆ. ಫೋನ್ ನನ್ನ ಕೈಗೆ ಬಂದ ಕೂಡಲೇ ನನ್ನ ಬಾಯಿ ತಾನೇ "ಎಲ್ಲಾ ಆರಾಮವ್ವ" ಎನ್ನುತ್ತದೆ. ನಾನು ಹೇಳಬೇಕೆಂದುಕೊಂಡಿದ್ದು ಹೇಳುವ ಮೊದಲೇ ಫೋನ್ ಅವನ ಕೈಗೆ ಕೊಟ್ಟುಬಿಡುತ್ತೇನೆ. ನಿನ್ನ ಜೋಡಿ ಗೈಡ್ ತರಬೇತಿಗೆ ಹೋದ ಐಹೊಳೆಯ ಇರ್ಫಾನ ಎರಡು ದಿನ ಊರಿಗೆ ಬಂದಿದ್ದಾನಲ್ಲ, ಅವನು ನಾಳೆ ರೈಲಿಗೆ ಹೊರಡುತ್ತಾನೆ. ಅವನ ಕೈಗೆ ಕೊಡುತ್ತೇನೆ. ನಾಲ್ಕನೆಯ ಇಯತ್ತೆ ಅರ್ಧಕ್ಕೇ ಬಿಟ್ಟವಳು ನಾನು. ತಪ್ಪು ಇದ್ದರೆ ಗೆಳತಿಯರಿಗೆ ತೋರಿಸಿ ನಗಬೇಡ. ಈ ಪತ್ರ ಯಾರಿಗೂ ತೋರಿಸಬೇಡ.

ಮುಖ್ಯ ಮಾತು ಹುಲ್ಲಿನದು. ನೀನು ಹೋಗುವಾಗ ಅಟ್ಟದ ಕೆಳಗೆ ಒಟ್ಟಿದ್ದ ಹುಲ್ಲು ತೀರುತ್ತ ಬಂದಿದೆ. ಇನ್ನು ಎಂಟು ದಿನ ಬಂದರೆ ಭಾಳ. ಈಗ ಕೊಂಡು ಹಾಕದಿದ್ದರೆ ಸಂಕ್ರಾಂತಿಯ ಹೊತ್ತಿಗೆ ಸಿಗುವುದಿಲ್ಲ, ಸಿಕ್ಕರೂ ನಮ್ಮ ಕೈಗೆ ಎಟುಕುವುದಿಲ್ಲ. ಯಾವುದು ಕೊಳ್ಳಬೇಕು ನೀನೇ ಹೇಳು. ಹುನಗುಂದದ ಕಡೆಯ ಒಬ್ಬರು ಜೋಳದ ಕಣಕಿ ಕೊಡುತ್ತೇನೆ ಅಂದರು. ಹೋಗಿ ನೋಡಿದೆ. ಹೋದ ವರ್ಷದ ಬಣವಿ. ಮೇಲೆ ಬಂಗಾರದಂತೆ ಇದೆ. ಕೈ ಒಳಗೆ ಹಾಕಿ ಒಂದು ಪೆಂಡಿ ಎಳೆದರೆ ಕಪ್ಪು. ಅಕ್ಟೋಬರ್ ಮಳೆ ಒಳಗೆ ಇಳಿದಿದೆ. ಅವರು "ಎತ್ತು ತಿಂತಾವಲ್ರಿ, ಕುದ್ರಿಗೇನ್ ಧಾಡಿ?" ಎಂದರು. ನಾನೂ ಹೌದಲ್ಲ ಎಂದುಕೊಂಡೆ. ಆಮೇಲೆ ನಿನ್ನ ಮಾತು ನೆನಪಾಯಿತು, ಬೂಸಲು ಹಿಡಿದ ಹುಲ್ಲು ಕುದುರೆಯ ಹೊಟ್ಟೆಗೆ ಕೇಡು, ಅದಕ್ಕೆ ವಾಂತಿ ಆಗುವುದಿಲ್ಲ, ತಿಂದದ್ದು ಹೊರಗೆ ಹಾಕಲು ಬಾರದು ಎಂದು ಹೇಳಿದ್ದೆಯಲ್ಲ. ಬಿಟ್ಟು ಬಂದೆ. ಶೇಂಗಾ ಹೊಟ್ಟು ಇಲ್ಲೇ ಬನಶಂಕರಿ ರಸ್ತೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಂದು ಹಿಡಿ ತಂದು ನೀರಿನಲ್ಲಿ ತೊಳೆದೆ, ಬುಟ್ಟಿಯ ತಳದಲ್ಲಿ ಕಾಲು ಭಾಗ ಮಣ್ಣು. ಇನ್ನು ಯಂತ್ರದಲ್ಲಿ ಒತ್ತಿ ಕಟ್ಟಿದ ಪರವೂರಿನ ಹುಲ್ಲು ರೆಸಾರ್ಟಿನವರು ತರಿಸಿಕೊಡುತ್ತಾರಂತೆ. ಅದರ ಲಾರಿ ಬಾಡಿಗೆಯಲ್ಲೇ ಎರಡು ಸಣ್ಣ ಕುದುರೆ ಬರುತ್ತವೆ.

ಉಳಿದದ್ದು ಕರಡ. ಐಹೊಳೆ ಗುಡ್ಡದ ಕರಡ, ಛಪ್ಪರಕ್ಕೆ ಹೊದಿಸುತ್ತಾರಲ್ಲ, ಅದೇ ಒಣಹುಲ್ಲು. ಎಲ್ಲಕ್ಕಿಂತ ಸೋವಿ, ಶೇಂಗಾ ಹೊಟ್ಟಿಗಿಂತಲೂ ಅಗ್ಗ. ನಾನು ಮೂಸಿ ನೋಡಿದೆ, ಮುರಿದು ನೋಡಿದೆ, ನಾಲಿಗೆಯ ಮೇಲೂ ಇಟ್ಟುಕೊಂಡು ನೋಡಿದೆ. ಶಿವಪ್ರಕಾಶ ಬಿದ್ದು ಬಿದ್ದು ನಕ್ಕ. "ಯವ್ವಾ, ನನಗ ಹೆಣ್ಣ ನೋಡಾಕ ಹೋದಾಗೂ ನೀ ಇಷ್ಟ ನೋಡಿರಲಿಲ್ಲ ಬಿಡು" ಎಂದ. ನಗಲಿ. ನನಗೆ ನಗು ಬರಲಿಲ್ಲ.

ಇಷ್ಟು ಬರೆದು ಪೆನ್ನು ಇಟ್ಟು ಹಿತ್ತಲಿಗೆ ಹೋಗಿ ಬಂದೆ.

ಪದ್ಮಾ, ಮೇಲೆ ಕುದುರೆ ಎರಡೂ ಆರಾಮ ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಜೀರಿಗಿ ಆರಾಮ ಇದ್ದಾನೆ. ಸಾಸಿವಿ ಆರಾಮ ಇಲ್ಲ. ಗೀಚಿ ಹಾಕಬೇಕೆಂದುಕೊಂಡೆ. ಆದರೆ ಮೂರು ವಾರದಿಂದ ನಿನಗೆ ಹೇಗೆ ಹೇಳುತ್ತ ಬಂದಿದ್ದೇನೆ ಎಂದು ನಿನಗೆ ಕಾಣಲಿ ಎಂದು ಬಿಟ್ಟೆ. ಸಾಸಿವಿ ಬದುಕಿದ್ದಾಳೆ. ಮೊದಲು ಅದನ್ನು ಓದಿಕೋ. ಬದುಕಿದ್ದಾಳೆ. ಆದರೆ ನಡೆಯುವುದಿಲ್ಲ.

ಹೇಗಾಯಿತು ಎಂದು ಮೊದಲಿನಿಂದ ಹೇಳುತ್ತೇನೆ. ಮಧ್ಯದಿಂದ ಹೇಳಿದರೆ ನಾನು ಏನಾದರೂ ಮುಚ್ಚಿಬಿಡುತ್ತೇನೆ, ನನಗೆ ನನ್ನ ಸ್ವಭಾವ ಗೊತ್ತು.

ನೀನು ಗೋಡೆಗೆ ಅಂಟಿಸಿ ಹೋದ ಕಾಗದ ನಾನು ಓದಿದ್ದೇನೆ. ಓದಲು ಬರಲಿಲ್ಲ ಎಂದು ನೆವ ಹೇಳುವುದಿಲ್ಲ. ಒಂದೊಂದಕ್ಕೆ ದಿನಕ್ಕೆ ಒಂದೂಮುಕ್ಕಾಲು ಕಿಲೋ ಒಣಹುಲ್ಲು, ತೂಗಿ, ಮೂರು ಸಲ. ಬೆಲ್ಲ ಇಲ್ಲ, ಕಾಳು ಇಲ್ಲ, ಹಸಿರು ಇಲ್ಲ. ಒದರಿದರೂ ಹೆಚ್ಚು ಹಾಕಬಾರದು. ಮೊದಲ ಎರಡು ತಿಂಗಳು ಹಾಗೇ ಮಾಡಿದೆ. ಕೊಕ್ಕೆಯ ತಕ್ಕಡಿಗೆ ಹುಲ್ಲಿನ ಚೀಲ ತೂಗುಹಾಕಿ ಕನ್ನಡಕ ಏರಿಸಿ ಮುಳ್ಳು ನೋಡುತ್ತಿದ್ದೆ. ಆದರೆ ನನಗೆ ನಾಚಿಕೆಯಾಗುತ್ತಿತ್ತು ಪದ್ಮಾ. ನಮ್ಮ ಮನೆಯಲ್ಲಿ ಬೀಗರ ಬಂಡಿ ಬಂದರೆ ನಮ್ಮ ಎತ್ತಿನ ಮುಂದಿನ ಮೇವು ತೆಗೆದು ಅವರ ಎತ್ತಿಗೆ ಹಾಕುತ್ತಿದ್ದರು. ಅಯ್ಯನವರು ಬಂದರೆ ಸಾಕು ಸಾಕು ಎಂದು ಅವರು ಕೈ ಅಡ್ಡ ಹಿಡಿದ ಮೇಲೂ ಒಂದು ಸಲ ಬಡಿಸುವುದು ಪದ್ಧತಿ. ತಕ್ಕಡಿ ಹಿಡಿದು ಹೊಟ್ಟೆಗೆ ಹಾಕಿದ್ದು ನಮ್ಮ ಮನೆತನದಲ್ಲಿ ನಾನೇ ಮೊದಲು. ಅದೂ ಸೊಸೆ ನಂಬಿ ಬಿಟ್ಟುಹೋದ ಜೀವಕ್ಕೆ.

ಅವು ಇಷ್ಟೇ ಇಷ್ಟು ಇರುವುದೂ ನನಗೆ ಸಂಕಟ. ಮೂರು ವರ್ಷದ ಹಿಂದೆ ನೀನು ಟೆಂಪೋದಿಂದ ಇಳಿಸಿದಾಗ ಅಡುಗೆ ಕಟ್ಟೆಯಷ್ಟು ಎತ್ತರ ಇದ್ದವು, ಈಗಲೂ ಅಷ್ಟೇ. ಯಾವಾಗ ದೊಡ್ಡವಾಗುತ್ತವೆ ಎಂದು ಕೇಳಿದ್ದಕ್ಕೆ ನೀನು "ಅತ್ತಿ, ಇವು ಬೆಳದು ಮುಗದಾವ್ರಿ, ಇವುಗಳ ಜಾತೀನ ಇಷ್ಟ" ಎಂದೆ. ತಲೆಗೆ ಹೊಕ್ಕಿತು, ಮನಸ್ಸಿಗೆ ಹೊಗಲಿಲ್ಲ. ಸರಿಯಾಗಿ ಉಂಡರೆ ಇನ್ನಷ್ಟು ಬೆಳೆದಾವು ಎಂದೇ ನನ್ನ ಹೊಟ್ಟೆ ಹೇಳುತ್ತದೆ.

ಒಂದು ದಿನ ಮಧ್ಯಾಹ್ನ ಸಾಸಿವಿ ತನ್ನ ಪಾಲು ಮುಗಿಸಿ ಬುಟ್ಟಿ ನೆಕ್ಕಿ ಒದರಲು ಹತ್ತಿದಳು. ಬಗಲ ಮನೆಯ ಅಂಬವ್ವ ಗೋಡೆಯ ಮೇಲಿಂದ ಇಣುಕಿದಳು. ನಾನು ತಕ್ಕಡಿ ಹಿಡಿದೇ ನಿಂತಿದ್ದೆ. ಆಕೆ ಅಂದಳು, "ಏನ ಗುರುಲಿಂಗವ್ವ, ಸೊಸಿ ಊರಾಗ ಇಲ್ಲಂತ ಆಕಿ ಕುದ್ರಿ ಹೊಟ್ಟಿ ಕಟ್ಟಾಕ ಹತ್ತೀಯೇನ? ಹೊಟ್ಟಿ ಕಟ್ಟೂದು ನಿನಗ ಹೊಸಾದಲ್ಲ ಬಿಡು."

ಆಕೆಯ ಕಡೆಯ ಮಾತು ಏನೆಂದು ನಿನಗೆ ಗೊತ್ತಾಗುತ್ತದೆ. ಅದನ್ನೂ ಬರೆಯುತ್ತೇನೆ, ಬರೆಯಲು ಆದರೆ.

ಅವತ್ತೇ ತಕ್ಕಡಿ ಒಳಗೆ ಇಟ್ಟೆ. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರ್ ನಮ್ಮ ಓಣಿಯ ಬಾಯಿಗೆ ನಿಲ್ಲುತ್ತದಲ್ಲ, ಅವರಲ್ಲಿ ಕೇಳಿ ಕಬ್ಬಿನ ತುದಿಯ ಹಸಿ ಸೋಗೆ ತಂದು ಹಾಕಿದೆ. ಎಷ್ಟು ಖುಷಿಯಿಂದ ತಿಂದಳು ಅಂತೀ! ಜೀರಿಗಿ ಮೂಸಿ ಬಿಟ್ಟ, ಅವನ ಪಾಲೂ ಈಕೆಯೇ ತಿಂದಳು. ಮರುದಿನ ಹುರಳಿ ಬೇಯಿಸಿದೆ. ಕುದುರೆಗೆ ಹುರಳಿ ಹಾಕಬಾರದು ಎಂದರೆ ಯಾರು ನಂಬುತ್ತಾರೆ? ಅಮೀನಗಡದಿಂದ ಕರದಂಟು ಬಂದಿತ್ತು, ಕೋತಿ ಒಂದು ಕಸಿದುಕೊಂಡು ಓಡಿತು, ಉಳಿದಿದ್ದರಲ್ಲಿ ಅರ್ಧ ಮುರಿದು ಇವಳಿಗೆ ಕೊಟ್ಟೆ. ಬೆಲ್ಲ ದಿನಾ ಕೊಟ್ಟೆ. ಬೇಕೆಂದೇ ಅಂಬವ್ವ ಗೋಡೆಯ ಹತ್ತಿರ ಇರುವಾಗಲೇ ಕೊಡುತ್ತಿದ್ದೆ. ಆಕೆ ನೋಡಲಿ ಎಂದು ಕೊಟ್ಟೆ, ಅದನ್ನೂ ಬರೆದುಬಿಡುತ್ತೇನೆ.

ಹದಿನೈದು ದಿನದಲ್ಲಿ ಸಾಸಿವಿಯ ಮೈ ಮಿಂಚಲು ಹತ್ತಿತು. ಕುತ್ತಿಗೆಯ ಮೇಲ್ಭಾಗ ದಪ್ಪವಾಗಿ ಗಟ್ಟಿಯಾಯಿತು. ನಾನು ದೃಷ್ಟಿ ತೆಗೆದೆ. ನೀನು ಫೋನಿನಲ್ಲಿ "ಸಾಸಿವಿ ತಿನ್ನಾಕ ಹತ್ಯಾಳೇನ್ರಿ ಅತ್ತಿ?" ಎಂದೆ. "ಭೇಷ್ ತಿಂತಾಳವ್ವ" ಎಂದೆ. ಅದೊಂದು ಮಾತು ಖರೆ ಹೇಳಿದ್ದೆ.

ಹೋದ ತಿಂಗಳು ಇಪ್ಪತ್ತೆರಡನೆಯ ತಾರೀಖು, ಶನಿವಾರ, ರೆಸಾರ್ಟಿಗೆ ಮಕ್ಕಳ ಆಟಕ್ಕೆ ಕಳಿಸಲು ಹೊರಗೆ ಕರೆದೆ. ಬರಲಿಲ್ಲ. ಹಗ್ಗ ಜಗ್ಗಿದರೆ ಕೆಂಡದ ಮೇಲೆ ಕಾಲಿಟ್ಟಂತೆ ಒಂದು ಹೆಜ್ಜೆ ಇಟ್ಟು ನಿಂತಳು. ಮುಂಗಾಲು ಎರಡೂ ಮುಂದೆ ಚಾಚಿ ಭಾರವೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತಿದ್ದಳು, ಗೋಡೆಗೆ ಒರಗಿ ನಿಂತ ಮುದುಕಿಯ ಹಾಗೆ. ಮುಳ್ಳು ನೆಟ್ಟಿರಬೇಕೆಂದು ಗೊರಸು ತಿಕ್ಕಿ ನೋಡಿದೆ. ಮುಳ್ಳು ಇರಲಿಲ್ಲ. ಗೊರಸು ಬಿಸಿ ಇತ್ತು. ಬಿಸಿಲಿಗೆ ಇರಬೇಕು ಅಂದುಕೊಂಡೆ. ಬೆಳಗಿನ ಏಳು ಗಂಟೆಗೆ ಎಲ್ಲಿಯ ಬಿಸಿಲು? ಅರಿಷಿಣ ಹಚ್ಚಿದೆ. ಶಿವಪ್ರಕಾಶನಿಗೆ ಸ್ವಲ್ಪ ಉಳುಕಿದೆ ಎಂದೆ. ಅವನು ಝೆರಾಕ್ಸ್ ಅಂಗಡಿ ತೆಗೆಯುವ ಗಡಿಬಿಡಿಯಲ್ಲಿ ಇದ್ದ, ಹೂಂ ಅಂದು ಹೋದ. ನೋವಿನಲ್ಲಿದ್ದಾಳೆ, ತ್ರಾಣ ಬರಲಿ ಎಂದು ನಾನು ಅವತ್ತು ಇನ್ನೊಂದು ಹಿಡಿ ಹುರಳಿ ಹೆಚ್ಚಿಗೆ ಹಾಕಿದೆ. ಆ ಹಿಡಿ ನೆನಪಾದರೆ ಈಗಲೂ ಬೆರಳು ಸುಡುತ್ತವೆ.

ಆಮೇಲೆ ಒಂಬತ್ತು ದಿನ ಯಾರಿಗೂ ಹೇಳಲಿಲ್ಲ. ಹೇಳಿದರೆ ಏನು ಹಾಕಿದೆ ಎಂದು ಕೇಳುತ್ತಾರೆ ಎಂದೇ ಹೇಳಲಿಲ್ಲ. ಅಷ್ಟರಲ್ಲಿ ತಿಂಗಳ ವಾಡಿಕೆಯಂತೆ ಗೊರಸು ಕತ್ತರಿಸಲು ಇಳಕಲ್ಲಿನ ಮುರ್ತುಜಸಾಬ ಬಂದರು. ಮದುವೆ ಮೆರವಣಿಗೆಗೆ ಕುದುರೆ ಕಳಿಸುವವರು, ಅವರ ಕಣ್ಣಿಗೆ ಏನು ಮುಚ್ಚುವುದು? ಬಾಗಿಲಲ್ಲೇ ನಿಂತು ಚಪ್ಪಲಿ ಬಿಡುವುದನ್ನೂ ಮರೆತು ನೋಡಿದರು. "ಅವ್ವಾರ, ಏನ್ ಹಾಕೀರಿ ಇದಕ್ಕ?" ಎಂದರು. "ಒಣಾ ಹುಲ್ಲರಿ ಸಾಬ್ರ" ಎಂದೆ. "ಇದರ ಕುತ್ತಿಗಿ ನೋಡ್ರಿ, ಪೈಲ್ವಾನನ ತೋಳ ಆಗೇತಿ. ಒಣಾ ಹುಲ್ಲ ತಿಂದು ಹಿಂಗ ಆಗೂದಿದ್ರ ನಾನೂ ಹುಲ್ಲ ತಿಂತಿದ್ದೆ" ಎಂದರು. ಅವರು ಲದ್ದಿಯನ್ನು ಕೋಲಿನಿಂದ ಒಡೆದು ನೋಡಿ ನನ್ನ ಮುಖ ನೋಡಿದರು. "ಎತ್ತಿನ ಹೊಟ್ಟಿ ಬ್ಯಾರೆ ಅವ್ವಾರ, ಕುದ್ರೀದು ಬ್ಯಾರೆ. ಅದರಾಗ ಈ ಗಿಡ್ಡ ಜಾತಿ ಬಡವರ ಮನ್ಯಾಗ ಬದುಕತಾವು, ಶ್ರೀಮಂತರ ಮನ್ಯಾಗ ಸಾಯ್ತಾವು. ನೀವು ಪ್ರೀತಿ ಮಾಡಿ ಕೊಂದೀರಿ ನೋಡ್ರಿ ಇದನ್ನ." ಹಾಗೆಂದು ಅವರೇ ದನದ ದವಾಖಾನೆಗೆ ಹೋಗಿ ಶೀಲಾ ಡಾಕ್ಟರನ್ನು ಕರೆತಂದರು.

ಶೀಲಾ ಡಾಕ್ಟರ್ ಸಣ್ಣ ವಯಸ್ಸಿನವರು, ಭಾಳ ನಿಧಾನದವರು. ನೆಲಕ್ಕೆ ಕುಳಿತು ಗೊರಸಿನ ಮೇಲೆ ಕೈ ಇಟ್ಟು ಭಾಳ ಹೊತ್ತು ಇದ್ದರು. ಅಷ್ಟರಲ್ಲಿ ಓಣಿಯ ಅರ್ಧ ಮಂದಿ ಹಿತ್ತಲಿಗೆ ಬಂದಿದ್ದರು. ಅಂಬವ್ವ ಗೋಡೆಯ ಮೇಲೆ ಗದ್ದ ಊರಿ ನಿಂತಿದ್ದಳು. ಡಾಕ್ಟರ್ ತಲೆ ಎತ್ತಿ ಕೇಳಿದರು, "ಏನೇನ್ ತಿನ್ನಿಸೀರಿ? ಖರೆ ಹೇಳ್ರಿ ಅಮ್ಮಾರ, ನಿಮಗ ಬೈಯೂದಕ್ಕ ಕೇಳವಲ್ಲೆ, ಔಷಧ ಹಾಕೂದಕ್ಕ ಕೇಳ್ತೀನಿ."

ಹೇಳಿದೆ. ಸೋಗೆ, ಹುರಳಿ, ಬೆಲ್ಲ, ಕರದಂಟು, ಎಲ್ಲ. ಸೊಸೆ ಹಾಕಬಾರದು ಎಂದು ಗೋಡೆಗೆ ಬರೆದು ಅಂಟಿಸಿದ್ದಳು, ಓದಿಯೂ ಹಾಕಿದೆ ಎಂದೂ ಹೇಳಿದೆ. ಯಾರೂ ನಗಲಿಲ್ಲ. ಅಂಬವ್ವ ಗೋಡೆಯಿಂದ ಕೆಳಗೆ ಇಳಿದಳು.

ಡಾಕ್ಟರ್ ಹೇಳಿದ್ದು ಇಷ್ಟು. ಸಿಹಿ ಹೆಚ್ಚಾಗಿ ಗೊರಸಿನ ಒಳಗೆ ಉರಿ ಬಿದ್ದಿದೆ. ಗೊರಸಿಗೂ ಒಳಗಿನ ಎಲುಬಿಗೂ ಇರುವ ಹಿಡಿತ ಸಡಿಲಾಗುತ್ತದೆ. ಎಲುಬು ಕೆಳಗೆ ಜಾರಿ ಅಂಗಾಲಿಗೆ ಒತ್ತಿದರೆ ಮತ್ತೆ ಮೇಲೆ ಬರುವುದಿಲ್ಲ. ಹದಿನೈದು ದಿನ ನೋಡೋಣ ಎಂದರು. ನೋವಿಗೆ ಇಂಜೆಕ್ಷನ್, ಕಾಲಿಗೆ ತಣ್ಣೀರು, ಕೆಳಗೆ ಮೊಣಕಾಲುದ್ದ ಮರಳು. ಈ ಬರುವ ಸೋಮವಾರ ಆ ಹದಿನೈದು ದಿನ ಮುಗಿಯುತ್ತದೆ. ಅವತ್ತು ಅವರು ಬರುತ್ತಾರೆ. ತಾನೇ ಎದ್ದು ನಿಂತು ನಾಲ್ಕು ಹೆಜ್ಜೆ ಇಟ್ಟರೆ ಆರು ತಿಂಗಳು ಜೋಪಾನ ಮಾಡಿ ಉಳಿಸಬಹುದಂತೆ. ಇಲ್ಲದಿದ್ದರೆ ನೋವಿನಲ್ಲಿ ಇಡುವುದು ಪಾಪ, ಮಲಗಿಸುವ ಇಂಜೆಕ್ಷನ್ ಕೊಡುತ್ತೇನೆ, ಆದರೆ ಕುದುರೆಯ ಒಡತಿ ಒಪ್ಪಬೇಕು ಎಂದರು. ಒಡತಿ ನೀನು. ಒಡತಿಗೆ ಸುದ್ದಿಯೇ ಗೊತ್ತಿಲ್ಲ ಎಂದು ಡಾಕ್ಟರಿಗೆ ಹೇಗೆ ಹೇಳಲಿ?

ಅವತ್ತು ಶಿವಪ್ರಕಾಶನಿಗೆ ಎಲ್ಲ ತಿಳಿಯಿತು. ನನ್ನ ಮೇಲೆ ಕೂಗಲಿಲ್ಲ, ಕೂಗಿದ್ದರೆ ಚಲೋ ಇತ್ತು. "ಆಕಿಗೆ ಹೇಳಬ್ಯಾಡ. ಇಪ್ಪತ್ತೆರಡಕ್ಕ ಪರೀಕ್ಷಿ ಐತಿ. ಹೇಳಿದ್ರ ಎಲ್ಲಾ ಬಿಟ್ಟ ಓಡಿ ಬರ್ತಾಳ, ನಾಕ ತಿಂಗಳ ಕಷ್ಟ ನೀರಾಗ ಹೋಗತೈತಿ" ಎಂದ. ಅವನ ಮಾತೂ ಖರೆ. ಗೈಡ್ ಬಿಲ್ಲೆ ಕೊರಳಿಗೆ ಬಂದರೆ ಗುಹೆಗಳ ಮುಂದೆ ನೀನು ಯಾರಿಗೂ ತಲೆ ಬಾಗಿಸಬೇಕಿಲ್ಲ. ಆದರೆ ನೀನು ಬಂದು ಹಿತ್ತಲಿನಲ್ಲಿ ಒಂದೇ ಕುದುರೆ ನೋಡಿ ನಿಂತರೆ? ಅದು ನನ್ನ ಕಣ್ಣ ಮುಂದೆ ಬರುತ್ತದೆ. ಬಂದು ಹೋಗುವುದೇ ಇಲ್ಲ.

ಈಗ ಯಾವ ಹುಲ್ಲು ಎಂದು ನಿನ್ನನ್ನು ಕೇಳಿದ್ದು ಬರೀ ನೆವ ಅಲ್ಲ, ಅದರಲ್ಲಿ ಅರ್ಧ ಖರೆ. ಮುರ್ತುಜಸಾಬ ಐಹೊಳೆಯ ಕರಡವನ್ನೇ ಕೊಳ್ಳಿರಿ ಎಂದರು. "ಸೋವಿ ಐತಿ ಅಂತ ಹೆದರಬ್ಯಾಡ್ರಿ, ಇದರಾಗ ಏನೂ ಇಲ್ಲ, ಅದಕ್ಕ ಇದು ಔಷಧ" ಎಂದರು. ತೆನೆಯಲ್ಲಿ ಸೂಜಿಯಂಥ ಬೀಜ ಇದ್ದದ್ದು ಬಾಯಿಗೆ ಚುಚ್ಚುತ್ತದೆ, ಬೀಜ ಕಟ್ಟುವ ಮೊದಲು ಕೊಯ್ದದ್ದನ್ನು ಆರಿಸಬೇಕು. ನಾನು ಒಂದು ಹೊರೆ ತಂದು ಕಡ್ಡಿ ಕಡ್ಡಿ ಆರಿಸಿದೆ. ಒಂದು ತಾಸು ನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಬೇಕು, ಹುಲ್ಲಿನಲ್ಲಿರುವ ಸಿಹಿ ನೀರಿಗೆ ಬಿಡುತ್ತದಂತೆ. ನಿಜವಾಗಿ ನೀರು ಚಹಾದ ಬಣ್ಣ ಆಗುತ್ತದೆ. ಮೊದಲು ಒಣದನ್ನೇ ತೂಗುತ್ತೇನೆ. ಡಾಕ್ಟರ್ ಹೇಳಿದ್ದು ಒಂದೂವರೆ ಕಿಲೋ, ನಾಲ್ಕು ಪಾಲು. ಮುಳ್ಳು ಒಂದು ಗೆರೆ ದಾಟಿದರೆ ಕಡ್ಡಿ ತೆಗೆಯುತ್ತೇನೆ, ಒಂದು ಗೆರೆ ಕಡಿಮೆಯಾದರೆ ಹಾಕುತ್ತೇನೆ. ಇಷ್ಟು ಮಾಡಿಯೂ ಇನ್ನೂರು ಸಲ ಅನುಮಾನ. ಪೂರ್ತಿ ಲಾರಿ ಕೊಳ್ಳಲು ಧೈರ್ಯ ಇಲ್ಲ. ಸೋಮವಾರದ ಮೇಲೆ ತಿನ್ನುವ ಬಾಯಿ ಎರಡು ಇರುತ್ತವೋ ಒಂದೋ?

ನನ್ನ ಕೆಮ್ಮು ಕೇಳಿದರೆ ಸಾಸಿವಿ ಮಲಗಿದಲ್ಲಿಂದಲೇ ಒದರುತ್ತಾಳೆ. ನನ್ನ ಕಡೆ ಕತ್ತು ಚಾಚುತ್ತಾಳೆ. ಇದೇ ಕೈ ಅಲ್ಲವೇ ಬೆಲ್ಲ ಕೊಟ್ಟದ್ದು. ನಾನು ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಬರುತ್ತೇನೆ. ಯಾಕೆ ನನಗೆ ಇದು ಇಷ್ಟು ಕಠಿಣ ಎಂದು ನಿನಗೆ ಬರೆಯಬೇಕು. ಬರೆಯುತ್ತೇನೆ.

ನನ್ನ ಅಕ್ಕ ಹುನಗುಂದದಲ್ಲಿ ಹೆರಿಗೆಯಲ್ಲಿ ಸತ್ತಳು. ಆಕೆಯ ಬಾಣಂತನಕ್ಕೆ ಕೈಗೂಸು ಹಿಡಿಯಲು ಎಂದು ನನ್ನನ್ನು ಸಾಲೆ ಬಿಡಿಸಿ ಕರೆದೊಯ್ದಿದ್ದರು. ಕೂಸು ದೊಡ್ಡದಿತ್ತು, ಎರಡು ದಿನ ಹೊರಗೆ ಬರಲಿಲ್ಲ. ಆಕೆಯ ದನಿ ನಾನು ಪಡಸಾಲೆಯಲ್ಲಿ ಕುಳಿತು ಕೇಳಿದೆ. ಆಮೇಲೆ ನನ್ನನ್ನು ಸಾಲೆಗೆ ಕಳಿಸುವುದು ಯಾರಿಗೂ ನೆನಪಾಗಲಿಲ್ಲ. ಮದುವೆಯಾಗಿ ಬಂದ ಮೇಲೆ ನನ್ನ ಅತ್ತೆ ಹೇಳಿದರು, "ಬಸುರಿ ಭಾಳ ಉಂಡ್ರ ಕೂಸು ಭಾಳ ಬೆಳೀತೈತಿ, ಹೆರಿಗಿ ಗಂಡಾಂತರ." ನನಗೂ ಅವರು ಹಾಗೇ ಮಾಡಿದರು. ಶಿವಪ್ರಕಾಶ ಸುಖವಾಗಿ ಹುಟ್ಟಿದ. ಹೀಗಾಗಿ ನನಗೆ ಅದು ವೇದ ಆಯಿತು.

ನಿನಗೆ ಐದು ತಿಂಗಳು ತುಂಬಿದಾಗಿಂದ ನಾನು ನಿನ್ನ ತಾಟಿನ ಮೂರು ರೊಟ್ಟಿ ಎರಡು ಮಾಡಿದೆ. ಆರಕ್ಕೆ ಒಂದೂವರೆ. ಹಾಲಿಗೆ ನೀರು ಹಾಕಿದೆ. ಒಂದು ದಿನ ನೀನು ತಾಟು ಮುಂದಿಟ್ಟುಕೊಂಡೇ "ಅತ್ತಿ, ಇನ್ನೊಂದ ರೊಟ್ಟಿ ಐತೇನ್ರಿ?" ಎಂದು ಕೇಳಿದೆ. "ಇಲ್ಲವ್ವ, ಮುಗದಾವು" ಎಂದೆ. ಬುಟ್ಟಿಯ ಅರಿವೆಯ ಕೆಳಗೆ ನಾಲ್ಕು ಇದ್ದವು, ಪದ್ಮಾ. ನೀನು ನೀರು ಕುಡಿದು ಎದ್ದೆ. ನಾನು ನಿನ್ನ ಮೇಲಿನ ದ್ವೇಷಕ್ಕೆ ಮಾಡಲಿಲ್ಲ. ನೀನು ಅಕ್ಕನ ಹಾಗೆ ಒದರುವುದನ್ನು ಕೇಳಬೇಕಾದೀತು ಎಂಬ ಹೆದರಿಕೆಗೆ ಮಾಡಿದೆ. ಆದರೆ ಹಸಿದದ್ದು ನೀನು. ಏಳಕ್ಕೇ ಕೂಸು ಬಂತು. ಅಂಗೈಯಷ್ಟು ಹೆಣ್ಣು ಕೂಸು. ಬಾಗಲಕೋಟೆಯ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿ ಹನ್ನೊಂದು ದಿನ ಇತ್ತು. ಒಂಬತ್ತು ವರ್ಷ ಆಯಿತು. ಅದರಿಂದಲೇ ಆಯಿತು ಎಂದು ಯಾವ ಡಾಕ್ಟರೂ ಹೇಳಿಲ್ಲ, ಅದಲ್ಲ ಎಂದೂ ಹೇಳಿಲ್ಲ. ಅಂಬವ್ವನಂಥವರು ಗೋಡೆಯ ಆಚೆಯಿಂದ ಎಷ್ಟು ಕಂಡಿದ್ದರೋ. ಶಿವಪ್ರಕಾಶನಿಗೆ ಮಾತ್ರ ಏನೂ ಗೊತ್ತಿಲ್ಲ.

ಹೀಗಾಗಿ ನಿನ್ನ ಕಾಗದದಲ್ಲಿ ತೂಗಿ ಹಾಕು ಎಂದು ಓದಿದಾಗ ನನಗೆ ಆ ರೊಟ್ಟಿಯ ಬುಟ್ಟಿ ನೆನಪಾಯಿತು. ಈ ಸಲ ಈ ಮನೆಯಲ್ಲಿ ಯಾವ ಜೀವವೂ ಇನ್ನೊಂದು ತುತ್ತು ಕೇಳಿ ಇಲ್ಲ ಅನ್ನಿಸಿಕೊಳ್ಳಬಾರದು ಎಂದುಕೊಂಡೆ. ಅವತ್ತೂ ನನಗೆ ಅಳತೆ ತಿಳಿಯಲಿಲ್ಲ, ಈಗಲೂ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಡಾಕ್ಟರ್ ಬರುತ್ತಾರೆ. ನಿನಗೆ ಈ ಪತ್ರ ಶನಿವಾರ ಸೇರುತ್ತದೆ. ನೀನು ಬಾ ಎಂದು ನಾನು ಬರೆಯಲಾರೆ, ಬರಬೇಡ ಎಂದೂ ಬರೆಯಲಾರೆ. ಫೋನ್ ಮಾಡಿ ಡಾಕ್ಟರಿಗೆ ನೀನೇ ಒಂದು ಮಾತು ಹೇಳು. ಇರಿಸು ಅಂದರೆ ಆರು ತಿಂಗಳಲ್ಲ, ಆರು ವರ್ಷ ನಾನು ಹುಲ್ಲು ನೆನೆಸುತ್ತೇನೆ. ಬಿಡು ಅಂದರೆ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂಡುತ್ತೇನೆ, ಒಬ್ಬಳನ್ನೇ ಕಳಿಸುವುದಿಲ್ಲ. ಇವತ್ತು ಮಧ್ಯಾಹ್ನ ಮುಂಗಾಲು ಮಡಚಿ ಏಳಲು ನೋಡಿದಳು. ಎದ್ದಳು ಎಂದು ಬರೆಯಲು ಆಸೆ. ಏಳಲಿಲ್ಲ. ಆದರೆ ನೋಡಿದಳು.

ಜೀರಿಗಿಗೆ ಅಂಬವ್ವ ಇವತ್ತು ಗಜ್ಜರಿ ತಂದಿದ್ದಳು. ಬೇಡ ಎಂದೆ. ಸಿಟ್ಟಾಗಲಿಲ್ಲ, ತಾನೇ ಕಡಿಯಲು ಹತ್ತಿದಳು. "ನನ್ನ ಬಾಯಿ ಸುಡಲಿ ಗುರುಲಿಂಗವ್ವ" ಎಂದಳು. ಆಕೆಯ ಬಾಯಿಯದು ತಪ್ಪಲ್ಲ, ನನ್ನ ಕೈಯದು ಎಂದು ಹೇಳಿ ಚಹಾ ಮಾಡಿ ಕೊಟ್ಟೆ.

ಹೊತ್ತಿಗೆ ಉಣ್ಣು. ಯಾರಾದರೂ ಸಾಕೇ ಎಂದು ಕೇಳಿದರೆ ನಾಚದೆ ಇನ್ನಷ್ಟು ಹಾಕಿಸಿಕೋ.

ಇಂತು, ನಿನ್ನ ಮುಖ ನೋಡಲು ಹೆದರುತ್ತ ನಿನ್ನ ದಾರಿ ಕಾಯುವ
ಅತ್ತೆ,
ಗುರುಲಿಂಗವ್ವ

ತಾ.ಕ. ಇದು ಶುಕ್ರವಾರ ಬೆಳಿಗ್ಗೆ. ಇರ್ಫಾನ ಬಾಗಿಲಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಾನೆ. ಒಂದು ಮಾತು ಬಿಟ್ಟಿದ್ದೆ. ಆ ದಿನ ಬಾಗಲಕೋಟೆಯಲ್ಲಿ ಡಾಕ್ಟರ್ "ಹುಡಿಗಿ ಮೈಯಾಗ ರಕ್ತನ ಇಲ್ಲ, ಮನ್ಯಾಗ ಏನ್ ಉಣ್ಣಾಕ ಕೊಡ್ತೀರಿ?" ಎಂದು ಕೇಳಿದ್ದರು. "ಎಲ್ಲಾ ಕೊಡ್ತೀವ್ರಿ, ಆಕೀನ ಉಣ್ಣೂದಿಲ್ಲ" ಎಂದೆ. ನೀನು ಮಗ್ಗುಲಲ್ಲೇ ಮಲಗಿದ್ದೆ, ಎಚ್ಚರ ಇದ್ದೆ. ನನ್ನ ಮುಖ ನೋಡಿ ಆಚೆ ತಿರುಗಿದೆ. ಅವತ್ತಿನಿಂದ ಶಿವಪ್ರಕಾಶ "ನೀ ಸರಿಯಾಗಿ ಉಂಡಿದ್ರ ಕೂಸು ಉಳೀತಿತ್ತು" ಎಂದು ನಿನಗೆ ಎಷ್ಟು ಸಲ ಅಂದನೋ, ನಾನು ಅಲ್ಲೇ ಕುಳಿತು ಕೇಳಿದ್ದೇನೆ. ನಿನ್ನೆ ಈ ಪತ್ರ ಮುಗಿಸಿದ ಮೇಲೆ ಅವನಿಗೆ ಎಲ್ಲ ಹೇಳಿದೆ. ಅವನು ನಂಬಲಿಲ್ಲ. ಕುದುರೆಯ ಚಿಂತೆಯಲ್ಲಿ ನನ್ನ ತಲೆ ಕೆಟ್ಟಿದೆ ಅಂದುಕೊಂಡಿದ್ದಾನೆ. "ಪದ್ಮಾನ್ನ ಕೇಳ್ತೀನಿ" ಎಂದು ಊಟ ಬಿಟ್ಟು ಎದ್ದು ಹೋದ. ನಿನ್ನನ್ನು ಕೇಳುತ್ತಾನೆ. ನೀನು ಒಳ್ಳೆಯವಳು, ಮುದುಕಿ ಎಂದು ನನ್ನನ್ನು ಕಾಯಲು ನೋಡುತ್ತೀ. ಇಲ್ಲ ಅನ್ನಬೇಡವ್ವ. ಹೌದು ಅನ್ನು.